ಹೀರೋ ಹಿಡಿದದ್ದು ಪ್ರಭು, ಊದಿದ್ದು ನಮ್ಮೂರಿನವರು!

ರಾತ್ರಿ ಹನ್ನೊಂದು ಗಂಟೆ. ಪಂಪ್‌ವೆಲ್ ಮೇಲ್ಸೇತುವೆ ಕೆಳಗೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಜಾತ್ರೆಗೆ ಹೊರಟ ವಾದ್ಯದವರು ಇಬ್ಬರು. ಹಿರಿಯರ ಕೈಯಲ್ಲಿ ಸ್ಯಾಕ್ಸೋಫೋನ್ ಪೆಟ್ಟಿಗೆ, ಹುಡುಗನ ಹೆಗಲಲ್ಲಿ ಡೋಲು. ನಾನು ಸಿನಿಮಾ ಬರೆಯುವವನೆಂದು ಆಗಲೇ ಜಂಬ ಕೊಚ್ಚಿಕೊಂಡಿದ್ದೆ. ಅಷ್ಟರಲ್ಲಿ ಹುಡುಗನ ಮೊಬೈಲಿನಲ್ಲಿ 'ಡ್ಯೂಯೆಟ್' ಚಿತ್ರದ ಸ್ಯಾಕ್ಸೋಫೋನ್ ಮೊಳಗಿತು.

"ಪ್ರಭು ಎಷ್ಟು ಚೆನ್ನಾಗಿ ಊದಿದ್ದಾನೆ ಅಲ್ವಾ?" ಅಂದುಬಿಟ್ಟೆ.

ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬರೆಯುವ ನೀವೇ ಹೀಗೆ ಹೇಳಿದರೆ ಎಂತ ಮಾಡುವುದು ಮಾರಾಯ್ರೆ? ಪ್ರಭು ಹಿಡಿದದ್ದು ಮಾತ್ರ. ಊದಿದ್ದು ನಮ್ಮ ಕದ್ರಿಯವರು!"

ನನ್ನ ಜಂಬ ಅಲ್ಲಿಗೆ ಇಳಿಯಿತು.

ಹೌದು, ಕದ್ರಿ ಗೋಪಾಲನಾಥ್! 1949ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಹುಟ್ಟಿದವರು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗ ಮೊದಲು ಕಲಿತದ್ದೂ ಅದನ್ನೇ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ್ದೇ ತಡ, ಮನಸ್ಸು ಅದರ ಪಾಲಾಯಿತು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಗುರುಗಳಾದರು.

ಸುಲಭವೇ? ನಾಗಸ್ವರದ ರಂಧ್ರಕ್ಕೆ ಬೆರಳೇ ತಾಗುತ್ತದೆ. ಸ್ಯಾಕ್ಸೋಫೋನಿನಲ್ಲಿ ನಡುವೆ ಲೋಹದ ಕೀಲಿ. ಗಮಕ ಜಾರಬೇಕಾದರೆ ತುಟಿ, ಉಸಿರು ಎರಡೂ ದುಡಿಯಬೇಕು. ಪಳಗಿಸಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ತಂದೆಯ ನಾಗಸ್ವರವನ್ನು ಈ ಹಿತ್ತಾಳೆ ಕೊಳವೆಯೊಳಗೆ ಮತ್ತೆ ಹುಡುಕುತ್ತಿದ್ದರೋ ಏನೋ!

1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವ. ಅಮೆರಿಕದ ಜಾನ್ ಹ್ಯಾಂಡಿ ಇವರ ವಾದನ ಕೇಳಿ, 'ನಾನೂ ಜೊತೆಗೆ ನುಡಿಸಲೇ?' ಎಂದು ವೇದಿಕೆ ಹತ್ತಿದರು. ದೇಶ ಬೇರೆ, ಸಂಗೀತ ಬೇರೆ, ಆದರೆ ಸ್ನೇಹಕ್ಕೆ ಅಷ್ಟೇ ಸಾಕಾಯಿತು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಕಛೇರಿ. ಅದೇ ವರ್ಷ ಬಾಲಚಂದರ್ ಅವರ 'ಡ್ಯೂಯೆಟ್'. ಸುಮಾರು ಮೂವತ್ತು ರಾಗ ನುಡಿಸಿದರೂ ಎ.ಆರ್. ರೆಹಮಾನ್ ತಲೆದೂಗಲಿಲ್ಲವಂತೆ, ಕಲ್ಯಾಣವಸಂತ ಬಂದಾಗ 'ಇದೇ!' ಎಂದರಂತೆ. ನಮ್ಮ ರಮೇಶ್ ಅರವಿಂದ್, ಪ್ರಕಾಶ್ ರೈ ಇಬ್ಬರೂ ಇದ್ದ ಚಿತ್ರ ಅದು. ತೆರೆಯ ಮೇಲೆ ಕಾಣದ ಮೂರನೇ ಕನ್ನಡಿಗ ಇವರು! 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ಉಸಿರು ನಿಂತಿತು. ನಾವು ನಿಂತಿದ್ದ ಈ ಮೇಲ್ಸೇತುವೆ ತೆರೆದದ್ದು ಮರು ಜನವರಿಯಲ್ಲಿ.

"ನಿಮ್ಮ ಜೊತೆಗಾರ ಚಿಕ್ಕವನು," ಅಂದೆ.

ಹಿರಿಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಇವನ ಅಪ್ಪ ನನ್ನ ಡೋಲಿನವ. ನಾವಿಬ್ಬರೂ ಸೇರಿ ನುಡಿಸದ ಜಾತ್ರೆ ಇಲ್ಲ. ಹೋಗಿ ಮೂರು ವರ್ಷ ಆಯ್ತು. ಅವನ ಪೆಟ್ಟು ಇವನಿಗೆ ಸರಿಯಾಗಿ ಕೇಳಿ ಗೊತ್ತಿಲ್ಲ, ಆಗ ಶಾಲೆಗೆ ಹೋಗ್ತಿದ್ದ. ನನಗೆ ನೆನಪುಂಟು. ದಾರಿಯಲ್ಲಿ ಹೇಳಿಕೊಡ್ತೇನೆ. ನಾನು ಮರೆತರೆ ಮತ್ತೆ ಯಾರಿಗೂ ಇಲ್ಲ."

ಬಸ್ಸು ಬಂತು. ಕಿಟಕಿಯಲ್ಲಿ ನೋಡಿದರೆ ಹಿರಿಯರು ಸ್ಯಾಕ್ಸೋಫೋನ್ ಪೆಟ್ಟಿಗೆ ಮೇಲೆ ಬೆರಳಿನಿಂದ ತಾಳ ಬಡಿಯುತ್ತಿದ್ದರು. ಹುಡುಗ ಮೊಬೈಲು ಆರಿಸಿ, ಕಿವಿಗೊಟ್ಟು ಕೇಳುತ್ತಿದ್ದ.

ಅಭಿಮಾನಿ ಮಿತ್ರರೇ, ಇನ್ನೊಮ್ಮೆ 'ಡ್ಯೂಯೆಟ್' ನೋಡುವಾಗ ಪ್ರಭುವಿಗೆ ಒಂದು ಸೀಟಿ ಹೊಡೆಯಿರಿ. ಕದ್ರಿಯವರಿಗೆ ಎರಡು!