ಡೆಂಗ್ಯೂ: ಯಾರಿಗೆ ಬಂತು ಅನ್ನೋದಲ್ಲ, ಏನು ಮಾಡಬೇಕು ಅನ್ನೋದು ಸುದ್ದಿ

ದಾವಣಗೆರೆ: ಮಳೆಗಾಲ ಶುರುವಾದ್ರೆ ಮಂಡಿಪೇಟೆ ಸುತ್ತಮುತ್ತಲ ವಾಟ್ಸಾಪ್ ಗ್ರೂಪ್‌ಗಳಲ್ಲಿ ಎರಡು ಥರದ ಮೆಸೇಜ್ ಓಡಾಡ್ತವೆ. ಒಂದು, 'ಇಂಥ ಗಲ್ಲಿಯಲ್ಲಿ ಇಂಥವರ ಮಗನಿಗೆ ಡೆಂಗ್ಯೂ ಅಂತೆ, ಆ ಕಡೆ ಹೋಗಬೇಡಿ'. ಇನ್ನೊಂದು, 'ಸಾರ್ವಜನಿಕರು ಸೂಕ್ತ ಮುನ್ನೆಚ್ಚರಿಕಾ ಕ್ರಮ ವಹಿಸಬೇಕಾಗಿ ಕೋರಲಾಗಿದೆ'. ಮೊದಲನೇದು ಯಾರಿಗೆ ಬಂತು ಅಂತ ಹೇಳುತ್ತೆ, ಏನು ಮಾಡಬೇಕು ಅಂತ ಹೇಳಲ್ಲ. ಎರಡನೇದು ಏನಾದರೂ ಮಾಡಿ ಅನ್ನುತ್ತೆ, ಅದೇನು ಅಂತ ಹೇಳಲ್ಲ.

ಎರಡರಿಂದಲೂ ಒಂದು ಸೊಳ್ಳೆಯೂ ಸಾಯಲ್ಲ. ಆದರೆ ಮೊದಲನೇ ಮೆಸೇಜ್‌ನಿಂದ ಒಂದು ಅಂಗಡಿಯ ವ್ಯಾಪಾರ ಮಾತ್ರ ಖಂಡಿತ ಕೆಡುತ್ತೆ. ಅದನ್ನ ನೋಡಿದ ಪಕ್ಕದ ಅಂಗಡಿಯವರು ತಮ್ಮ ಮನೆಯಲ್ಲಿ ಜ್ವರ ಬಂದಾಗ ಬಾಯಿ ಬಿಡಲ್ಲ. ನಿಜವಾದ ನಷ್ಟ ಶುರುವಾಗೋದು ಅಲ್ಲಿಂದ.

ಕೈಯಲ್ಲಿರೋದು ಒಂದು ವಾರ

ಡೆಂಗ್ಯೂ ಮುಟ್ಟಿದರೆ ಬರಲ್ಲ, ಕೆಮ್ಮಿದರೆ ಬರಲ್ಲ, ಒಂದೇ ಗಲ್ಲಾ ಪೆಟ್ಟಿಗೆಯ ನೋಟು ಎಣಿಸಿದರೂ ಬರಲ್ಲ. ಈಡಿಸ್ ಅನ್ನೋ ಸೊಳ್ಳೆ ಕಚ್ಚಬೇಕು. ಜ್ವರ ಇರುವ ಮೊದಲ ಐದಾರು ದಿನ ರೋಗಿಯ ರಕ್ತದಲ್ಲಿ ವೈರಸ್ ಇರುತ್ತೆ. ಆಗ ಕಚ್ಚಿದ ಸೊಳ್ಳೆ ತಕ್ಷಣ ಇನ್ನೊಬ್ಬರಿಗೆ ರೋಗ ದಾಟಿಸಲ್ಲ. ಅದರ ಹೊಟ್ಟೆಯೊಳಗೆ ವೈರಸ್ ಬೆಳೆಯೋಕೆ ಸುಮಾರು 8ರಿಂದ 12 ದಿನ ಬೇಕು.

ಅಂದ್ರೆ, ಗಲ್ಲಿಯಲ್ಲಿ ಮೊದಲ ಜ್ವರ ಬಂದ ಸುದ್ದಿ ಬೇಗ ಗೊತ್ತಾದ್ರೆ ಉಳಿದವರ ಕೈಯಲ್ಲಿ ಸರಿಸುಮಾರು ಒಂದು ವಾರ ಇರುತ್ತೆ. ಈ ಸೊಳ್ಳೆ ಬಹಳ ದೂರ ಹಾರೋದೂ ಇಲ್ಲ, ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ಒಳಗೇ ಸುತ್ತುತ್ತೆ. ಹಾಗಾಗಿ ಆ ವಾರದಲ್ಲಿ ಕೆಲಸ ಆಗಬೇಕಾದದ್ದು ಇಡೀ ಊರಲ್ಲಲ್ಲ, ಆ ಗಲ್ಲಿ ಮತ್ತು ಅಕ್ಕಪಕ್ಕದ ಗಲ್ಲಿಯಲ್ಲಿ. ರೋಗಿಯ ಹೆಸರು ಯಾರಿಗೂ ಬೇಕಾಗಿಲ್ಲ. ಗಲ್ಲಿಯ ಹೆಸರು ಮಾತ್ರ ಬೇಕು, ಅದೂ ಬೇಗ ಬೇಕು.

2020ರ ಭಯ ಇನ್ನೂ ಹೋಗಿಲ್ಲ

ಜನ ಯಾಕೆ ಮುಚ್ಚಿಡ್ತಾರೆ ಅನ್ನೋದಕ್ಕೆ ಕೊರೋನಾ ಕಾಲವನ್ನ ನೆನಪಿಸಿಕೊಂಡ್ರೆ ಸಾಕು. 2020ರ ಮಾರ್ಚ್‌ನಲ್ಲಿ ಹೋಂ ಕ್ವಾರಂಟೈನ್ ಆದವರ ಕೈಗೆ ಮುದ್ರೆ ಒತ್ತಲಾಯ್ತು. ರಾಜ್ಯದಲ್ಲಿ ಅವರ ಮನೆ ವಿಳಾಸದ ಪಟ್ಟಿಯೇ ಹೊರಗೆ ಬಂತು. ದಿನದ ಬುಲೆಟಿನ್‌ನಲ್ಲಿ ಹೆಸರು ಇರ್ತಿರಲಿಲ್ಲ, 'ಪಿ' ಅಂತ ಒಂದು ನಂಬರ್, ವಯಸ್ಸು, ಊರು ಇಷ್ಟೇ. ಆದರೆ ಆ ನಂಬರ್ ಯಾರದ್ದು ಅಂತ ಸಂಜೆಯೊಳಗೆ ಗ್ರೂಪ್‌ಗಳು ಪತ್ತೆ ಮಾಡಿಬಿಡ್ತಿದ್ದವು.

ನಮ್ಮ ಜಿಲ್ಲೆ ಆ ಏಪ್ರಿಲ್ ಕೊನೆಯಲ್ಲಿ ಹಸಿರು ವಲಯ ಅನ್ನಿಸಿಕೊಂಡಿತ್ತು. ಜನ ನಿಟ್ಟುಸಿರು ಬಿಡೋದರೊಳಗೆ ಭಾಷಾನಗರ, ಜಾಲಿನಗರದಲ್ಲಿ ಪ್ರಕರಣ ಬಂದವು, ಬ್ಯಾರಿಕೇಡ್ ಬಿತ್ತು. ಆಮೇಲೆ ತಿಂಗಳುಗಟ್ಟಲೆ ಆ ಎರಡು ಹೆಸರು ಹೇಳಿದ್ರೆ ಸಾಕು, ಎದುರಿಗಿದ್ದವರು ಎರಡು ಹೆಜ್ಜೆ ಹಿಂದೆ ಸರೀತಿದ್ರು. ರೋಗ ಒಬ್ಬೊಬ್ಬರಿಗೆ ಹದಿನಾಲ್ಕು ದಿನ ಇದ್ದಿರಬಹುದು, ಬಡಾವಣೆಗೆ ಅಂಟಿದ ಹೆಸರು ಮಾತ್ರ ಬೇಗ ಹೋಗಲಿಲ್ಲ.

ಅದನ್ನ ನೋಡಿದ ವ್ಯಾಪಾರಿಗೆ ಇವತ್ತು 'ಜ್ವರ ಬಂದ್ರೆ ತಿಳಿಸಿ' ಅಂದ್ರೆ ಅವರ ಕಿವಿಗೆ 'ಅಂಗಡಿ ಮುಚ್ಚಿಸ್ತೀವಿ' ಅಂತ ಕೇಳಿಸುತ್ತೆ. ಡೆಂಗ್ಯೂ ಬಂದರೆ ಅಂಗಡಿ ಮುಚ್ಚಬೇಕಿಲ್ಲ, ಗಲ್ಲಿ ಸೀಲ್ ಮಾಡೋದೂ ಇಲ್ಲ. ಈ ಒಂದು ಮಾತನ್ನ ಕಸದ ಗಾಡಿಯ ಮೈಕಿನಲ್ಲಿ ದಿನಾ ಹೇಳಿದರೂ ಅರ್ಧ ಭಯ ಹೋಗುತ್ತೆ.

ಲೆಕ್ಕ ಯಾಕೆ ತಾಳೆ ಆಗಲ್ಲ?

ಎರಡನೇ ತಕರಾರು ಸಂಖ್ಯೆಯದ್ದು. 'ನಮ್ಮ ಓಣಿಯಲ್ಲೇ ಹತ್ತು ಜನಕ್ಕೆ ಡೆಂಗ್ಯೂ, ಇಲಾಖೆಯವರು ಎರಡು ಅಂತಾರೆ, ಸುಳ್ಳು ಲೆಕ್ಕ' ಅನ್ನೋ ಮಾತು ಪ್ರತಿ ವರ್ಷ ಕೇಳಿಬರುತ್ತೆ. ಇದರಲ್ಲಿ ಎಲ್ಲಾ ಸಲ ಯಾರೋ ಸುಳ್ಳು ಹೇಳ್ತಿದ್ದಾರೆ ಅಂತಲ್ಲ.

ಲ್ಯಾಬ್‌ಗಳಲ್ಲಿ ಬೇಗ ಮುಗಿಯೋದು ಕಾರ್ಡ್ ಟೆಸ್ಟ್. ಅದರಲ್ಲಿ ಪಾಸಿಟಿವ್ ಬಂದರೆ ಇಲಾಖೆ 'ಶಂಕಿತ' ಅಂತ ಬರ್ಕೊಳ್ಳುತ್ತೆ. 'ದೃಢಪಟ್ಟಿದೆ' ಅನ್ನೋಕೆ ಎಲಿಸಾ ಪರೀಕ್ಷೆ ಆಗಬೇಕು. ಅದರಲ್ಲೂ ಜ್ವರದ ಮೊದಲ ಐದು ದಿನಕ್ಕೆ ಎನ್‌ಎಸ್1, ಆಮೇಲಾದರೆ ಐಜಿಎಂ. ದಿನ ತಪ್ಪಿ ತಪ್ಪು ಪರೀಕ್ಷೆ ಮಾಡಿಸಿದರೆ ಡೆಂಗ್ಯೂ ಇದ್ದರೂ ನೆಗೆಟಿವ್ ಬರಬಹುದು. ಇನ್ನು ಪ್ಲೇಟ್‌ಲೆಟ್ ಕಡಿಮೆ ಆದ ಮಾತ್ರಕ್ಕೆ ಡೆಂಗ್ಯೂ ಅಲ್ಲ, ಬೇರೆ ವೈರಲ್ ಜ್ವರದಲ್ಲೂ ಇಳಿಯುತ್ತೆ.

ಈ ವ್ಯತ್ಯಾಸವನ್ನ ಪತ್ರಿಕಾ ಪ್ರಕಟಣೆಯಲ್ಲಿ ಎರಡು ಸಾಲಿನಲ್ಲಿ ಬಿಡಿಸಿ ಹೇಳಬಹುದು. 'ಶಂಕಿತರು ಇಷ್ಟು, ಪರೀಕ್ಷೆ ಆದವರು ಇಷ್ಟು, ದೃಢಪಟ್ಟವರು ಇಷ್ಟು, ಉಳಿದ ವರದಿ ಇಂಥ ದಿನ ಬರುತ್ತೆ.' ಇನ್ನೂ ಗೊತ್ತಿಲ್ಲ ಅಂತ ಒಪ್ಪಿಕೊಂಡ್ರೆ ಜನ ಬೈಯಲ್ಲ. ಬರೀ ಒಂದು ಸಣ್ಣ ಅಂಕಿ ಕೊಟ್ಟು ಸುಮ್ಮನಾದ್ರೆ ಮಾತ್ರ ಅನುಮಾನ ಬೆಳೆಯುತ್ತೆ. ಈ ಕೆಲಸ ನೋಡಿಕೊಳ್ಳುವ ಅಧಿಕಾರಿಯ ಹುದ್ದೆಯ ಹೆಸರೇ 'ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿ'. ಹೆಸರು ಉದ್ದ ಇರಲಿ ಪರವಾಗಿಲ್ಲ, ಸಂದೇಶ ಗಿಡ್ಡ ಇರಬೇಕು.

ಹೊಗೆ ಕಾಣುತ್ತೆ, ಹುಳ ಕಾಣಲ್ಲ

ಜ್ವರದ ಸುದ್ದಿ ಬಂದ ಕೂಡಲೇ ಎಲ್ಲರೂ ಕೇಳೋದು ಫಾಗಿಂಗ್. ಗಾಡಿ ಬಂತು, ಹೊಗೆ ಎದ್ದಿತು, ಪಾಲಿಕೆ ಕೆಲಸ ಮಾಡ್ತು ಅಂತ ಸಮಾಧಾನ. ಹೊಗೆಯಿಂದ ಸಾಯೋದು ಆ ಹೊತ್ತಿಗೆ ಹಾರಾಡ್ತಿರೋ ಸೊಳ್ಳೆ ಮಾತ್ರ. ನೀರಲ್ಲಿರೋ ಮರಿಹುಳಕ್ಕೆ, ಅಂದ್ರೆ ಲಾರ್ವಾಕ್ಕೆ, ಏನೂ ಆಗಲ್ಲ. ನಾಲ್ಕೈದು ದಿನದಲ್ಲಿ ಹೊಸ ಸೊಳ್ಳೆ ಎದ್ದು ಬರ್ತವೆ.

ಇನ್ನೊಂದು ತಪ್ಪು ತಿಳುವಳಿಕೆ ಚರಂಡಿಯದ್ದು. ಹರಿಹರದಲ್ಲಾಗಲಿ ಹಳೇ ದಾವಣಗೆರೆಯಲ್ಲಾಗಲಿ ಡೆಂಗ್ಯೂ ಅಂದ್ರೆ ಜನ ಮೊದಲು ಬೈಯೋದು ಚರಂಡಿಗೆ. ಚರಂಡಿ ಸ್ವಚ್ಛ ಆಗಲೇಬೇಕು, ಆದರೆ ಈಡಿಸ್ ಮೊಟ್ಟೆ ಇಡೋದು ನಾವು ಹಿಡಿದಿಟ್ಟ ತಿಳಿ ನೀರಲ್ಲಿ. ನಲ್ಲಿ ದಿನಾ ಬರಲ್ಲ ಅಂತ ತುಂಬಿಸಿಟ್ಟ ಡ್ರಮ್ಮು, ಮುಚ್ಚಳ ಒಡೆದ ಸಿಂಟೆಕ್ಸ್, ಅಂಗಡಿ ಮುಂದೆ ಕಟ್ಟಿದ ತಾಡಪಾಲಿನ ಗುಂಡಿ, ಗೋಡೌನ್ ಹಿಂದೆ ಬಿಸಾಕಿದ ಟೈರು, ಖಾಲಿ ಎಣ್ಣೆ ಡಬ್ಬ, ಎಳನೀರು ಬುರುಡೆ, ಕೂಲರ್, ಫ್ರಿಜ್ ಹಿಂದಿನ ತಟ್ಟೆ. ಮಂಡಿಪೇಟೆಯಂಥ ಜಾಗದಲ್ಲಿ ಇವೆಲ್ಲ ಮನೆಗಿಂತ ಅಂಗಡಿ ಹಿಂದೆಯೇ ಜಾಸ್ತಿ. ಈ ಸೊಳ್ಳೆ ಕಚ್ಚೋದೂ ಹಗಲಲ್ಲಿ. ಹಾಗಾಗಿ ರಾತ್ರಿ ಸೊಳ್ಳೆ ಪರದೆ ಕಟ್ಟಿಕೊಂಡು ಮಲಗಿದ ಹಮಾಲಿಗೆ ಮಧ್ಯಾಹ್ನ ಗೋಡೌನ್‌ನಲ್ಲಿ ಕಚ್ಚಿರುತ್ತೆ.

ಮೊಟ್ಟೆ ಸೊಳ್ಳೆಯಾಗೋಕೆ ನಮ್ಮ ಹವೆಗೆ ಎಂಟು ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಂದು ಸಲ ಅನ್ನೋ ಲೆಕ್ಕ. ನೀರು ಚೆಲ್ಲಿದರೆ ಮಾತ್ರ ಸಾಲದು, ಒಳಗೋಡೆ ತಿಕ್ಕಬೇಕು. ಡ್ರಮ್ಮಿನ ಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತೆ.

ಸಿಂಗಪುರದಲ್ಲಿ ಹೇಗೆ ಹೇಳ್ತಾರೆ

ಡೆಂಗ್ಯೂ ಕಾಟ ಬಹಳ ಇರೋ ಊರು ಸಿಂಗಪುರ. ಅಲ್ಲಿ 150 ಮೀಟರ್ ಒಳಗೆ 14 ದಿನದಲ್ಲಿ ಎರಡು ಅಥವಾ ಹೆಚ್ಚು ಪ್ರಕರಣ ಬಂದರೆ ಆ ಜಾಗದಲ್ಲಿ ಬ್ಯಾನರ್ ಕಟ್ಟುತ್ತಾರೆ. ಹತ್ತಕ್ಕಿಂತ ಕಡಿಮೆ ಇದ್ರೆ ಹಳದಿ, ಹತ್ತು ಮತ್ತು ಮೇಲಾದ್ರೆ ಕೆಂಪು, ಹೊಸ ಪ್ರಕರಣ ನಿಂತ ಮೇಲೆ ಹಸಿರು. ರೋಗಿಯ ಹೆಸರಿಲ್ಲ, ಮನೆ ನಂಬರ್ ಇಲ್ಲ. ಜಾಗ ಯಾವುದು, ಮನೆಯವರು ಏನು ಮಾಡಬೇಕು ಅಷ್ಟೇ.

ನಮಗೆ ಇದರಲ್ಲಿ ಕಲಿಯೋದಿರೋದು ಹಸಿರು ಬ್ಯಾನರ್‌ನಲ್ಲಿ. ರೋಗ ಬಂದಾಗ ಎಷ್ಟು ಜೋರಾಗಿ ಹೇಳ್ತಾರೋ, ಹೋದಾಗಲೂ ಅಷ್ಟೇ ಜೋರಾಗಿ ಹೇಳ್ತಾರೆ. ನಮ್ಮಲ್ಲಿ ಗಲ್ಲಿಗೆ ಕೆಟ್ಟ ಹೆಸರು ಬಂದಿದ್ದು ಎಲ್ಲರಿಗೂ ಗೊತ್ತಾಗುತ್ತೆ, ಅದು ಸರಿಹೋಯ್ತು ಅಂತ ಯಾರೂ ಹೇಳಲ್ಲ. ವ್ಯಾಪಾರಿ ಹೆದರೋದು ಇದಕ್ಕೇ.

ಆಶಾ ಬಂದ್ರೆ ಬಾಗಿಲು ತೆಗೀರಿ

2024ರಲ್ಲಿ ರಾಜ್ಯದಲ್ಲಿ ಡೆಂಗ್ಯೂ ಏರಿದಾಗ ಸರ್ಕಾರ ಸೆಪ್ಟೆಂಬರ್‌ನಲ್ಲಿ ಅದನ್ನ ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಮಾಡಿ, ಸೊಳ್ಳೆ ಹುಟ್ಟೋಕೆ ಜಾಗ ಕೊಟ್ಟವರಿಗೆ ದಂಡ ಇಟ್ಟಿತು. ನಗರದಲ್ಲಿ ಮನೆಗೆ ₹400, ವಾಣಿಜ್ಯ ಜಾಗಕ್ಕೆ ₹1,000, ಕಟ್ಟಡ ಕಾಮಗಾರಿ ಮತ್ತು ಖಾಲಿ ನಿವೇಶನಕ್ಕೆ ₹2,000. ಹಳ್ಳಿಯಲ್ಲಿ ಇದರ ಅರ್ಧ.

ದಂಡ ಬಂದ ಮೇಲೆ ಲಾರ್ವಾ ಸಮೀಕ್ಷೆಗೆ ಬರೋ ಆಶಾ ಕಾರ್ಯಕರ್ತೆಯರನ್ನ ಕೆಲವರು ದಂಡ ಹಾಕೋಕೆ ಬಂದವರಂತೆ ನೋಡ್ತಾರೆ, 'ಸಾವ್ಕಾರ್ರು ಇಲ್ಲ, ನಾಳೆ ಬಾರಮ್ಮ' ಅಂತ ಕಳಿಸ್ತಾರೆ. ಅವರು ಬರೋದು ಟಾರ್ಚ್ ಹಾಕಿ ಹುಳ ಹುಡುಕೋಕೆ, ಜ್ವರ ಇದ್ದವರನ್ನ ಕೇಳೋಕೆ. ಅದೇ ಗಲ್ಲಿಯ ಮನೆಗಳ ಕಷ್ಟಸುಖ ಗೊತ್ತಿರೋರು, ಉರ್ದು ಮನೆಯಲ್ಲಿ ಉರ್ದು, ಕನ್ನಡದ ಮನೆಯಲ್ಲಿ ಕನ್ನಡ ಮಾತಾಡೋರೂ ಅವರಲ್ಲಿದ್ದಾರೆ. ಮೈಕಿನ ನೂರು ಪ್ರಕಟಣೆಗಿಂತ ಅವರ ಒಂದು ಮಾತಿಗೆ ತೂಕ ಜಾಸ್ತಿ. ಗೋಡೌನ್ ಬಾಗಿಲು ತೆಗೆದು ತೋರಿಸೋಕೆ ಐದು ನಿಮಿಷ ಸಾಕು.

ಮನೆಯಲ್ಲಿ, ಅಂಗಡಿಯಲ್ಲಿ ಜ್ವರ ಬಂದ್ರೆ

ಮೊದಲ ದಿನವೇ ದಿನಾಂಕ ಬರೆದಿಟ್ಟುಕೊಳ್ಳಿ, ಯಾವ ಪರೀಕ್ಷೆ ಅನ್ನೋದು ಅದರ ಮೇಲೆ ನಿಂತಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೆ ದುಡ್ಡಿಲ್ಲ. ಖಾಸಗಿ ಲ್ಯಾಬ್‌ಗೆ 2024ರಲ್ಲಿ ಸರ್ಕಾರ ಗೊತ್ತುಮಾಡಿದ ದರ ಎಲಿಸಾಗೆ ₹300, ಕಾರ್ಡ್ ಟೆಸ್ಟ್‌ಗೆ ₹250. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವು ಅಂತ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವದ ಅಪಾಯ ಇದೆ. ನೀರು, ಗಂಜಿ, ಓಆರ್‌ಎಸ್ ಜಾಸ್ತಿ ಕುಡೀಬೇಕು.

ಜ್ವರ ಬಿಟ್ಟಿತು ಅಂತ ನಾಲ್ಕನೇ ದಿನವೇ ಅಂಗಡಿಗೆ ಬಂದು ಕೂರೋರು ಇದ್ದಾರೆ. ಡೆಂಗ್ಯೂನಲ್ಲಿ ಅಪಾಯದ ಹೊತ್ತು ಶುರುವಾಗೋದೇ ಜ್ವರ ಇಳಿದ ಮೇಲಿನ ಒಂದೆರಡು ದಿನದಲ್ಲಿ. ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಲ್ಲಿ ರಕ್ತ, ಕಪ್ಪು ಮಲ, ವಿಪರೀತ ಸುಸ್ತು ಕಂಡ್ರೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಆಂಬುಲೆನ್ಸ್‌ಗೆ 108, ಆರೋಗ್ಯ ಸಹಾಯವಾಣಿಗೆ 104.

ಫಾರ್ವರ್ಡ್ ಮಾಡೋ ಮೊದಲು

ಗ್ರೂಪಿಗೆ ಹಾಕೋ ಮೆಸೇಜ್‌ನಲ್ಲಿ ನಾಲ್ಕು ವಿಷಯ ಇದ್ದರೆ ಸಾಕು. ಯಾವ ಗಲ್ಲಿ, ಏನು ಮಾಡಬೇಕು, ಯಾವಾಗ, ಯಾರಿಗೆ ಫೋನ್ ಮಾಡಬೇಕು. ಉದಾಹರಣೆಗೆ ಹೀಗೆ: 'ನಮ್ಮ ಗಲ್ಲಿಯಲ್ಲಿ ಡೆಂಗ್ಯೂ ಜ್ವರ ಕಂಡಿದೆ. ಇವತ್ತು ಸಂಜೆ ಅಂಗಡಿ ಮುಚ್ಚೋ ಮೊದಲು ಡ್ರಮ್ಮು, ತಾಡಪಾಲು, ಟೈರಿನ ನೀರು ಚೆಲ್ಲಿ, ತಿಕ್ಕಿ. ಮುಂದಿನ ವಾರ ಇದೇ ದಿನ ಮತ್ತೆ. ಯಾರಿಗಾದರೂ ಜ್ವರ ಇದ್ರೆ 104ಕ್ಕೆ ಫೋನ್ ಮಾಡಿ. ಅಂಗಡಿ ಮುಚ್ಚೋ ಅಗತ್ಯ ಇಲ್ಲ.' ಇದರಲ್ಲಿ ಯಾರ ಹೆಸರೂ ಇಲ್ಲ, ಯಾರ ವ್ಯಾಪಾರವೂ ಕೆಡಲ್ಲ.

ಎರಡು ವಾರ ಹೊಸ ಜ್ವರ ಬರದಿದ್ರೆ ಅದನ್ನೂ ಅದೇ ಗ್ರೂಪ್‌ನಲ್ಲಿ ಹಾಕಿ. ಮುಂದಿನ ಸಲ ಜ್ವರ ಬಂದವರು ಮುಚ್ಚಿಡದೆ ಮೊದಲ ದಿನವೇ ಹೇಳ್ತಾರೆ.