ಲ್ಯಾಪ್‌ಟಾಪಿನೊಳಗಿನ ಹಾರ್ಮೋನಿಯಂ

ಕಳೆದ ವರ್ಷ ನಮ್ಮ ಮನೆಯ ಹಾರ್ಮೋನಿಯಂ ಮಾರಿದೆವು. ಪುಲಿಕೇಶಿನಗರದಲ್ಲೇ ಇನ್ನೂ ಚಿಕ್ಕ ಮನೆಗೆ ಬಂದೆವು, ನನ್ನ ಶುಲ್ಕವನ್ನೂ ಕಟ್ಟಬೇಕಿತ್ತು. ಅದು ದಾದಾ ನುಡಿಸುತ್ತಿದ್ದ ಪೆಟ್ಟಿಗೆ. ಅವರು ಏನೂ ಹೇಳಲಿಲ್ಲ. ನನಗೇ ಬೇಜಾರಾಯಿತು.

ಅಣ್ಣನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಎಲ್‌ಎಂಎಂಎಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡೆ. ಇಂಥ ತಂತ್ರಾಂಶದಲ್ಲಿ ನುಡಿಯುವ ವಾದ್ಯವನ್ನು ವರ್ಚುವಲ್ ಇನ್‌ಸ್ಟ್ರುಮೆಂಟ್ ಎನ್ನುತ್ತಾರೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಸಿಂಥ್ ಲೆಕ್ಕಾಚಾರದಿಂದ ಧ್ವನಿ ಹುಟ್ಟಿಸುತ್ತದೆ. ಸ್ಯಾಂಪ್ಲರ್ ನಿಜವಾದ ವಾದ್ಯದಿಂದ ಮೊದಲೇ ರೆಕಾರ್ಡ್ ಮಾಡಿದ ಸ್ವರಗಳನ್ನು ನುಡಿಸುತ್ತದೆ. ಕೀಲಿ ಒತ್ತಿದಾಗ ಒಳಗೆ ಹೋಗುವುದು ಧ್ವನಿಯಲ್ಲ, ‘ಮಿಡಿ’ ಸಂದೇಶ: ಯಾವ ಸ್ವರ, ಎಷ್ಟು ಜೋರು. ಜೋರಿಗೆ 1ರಿಂದ 127ರವರೆಗೆ ಅಂಕ.

ದುಬಾರಿ ಸ್ಯಾಂಪ್ಲರ್‌ಗಳಲ್ಲಿ ಒಂದೇ ಸ್ವರವನ್ನು ಮೆಲ್ಲಗೆ, ಜೋರಾಗಿ ಎಂದು ಹಲವು ಸಲ ರೆಕಾರ್ಡ್ ಮಾಡಿರುತ್ತಾರೆ. ಅಗ್ಗದವುಗಳಲ್ಲಿ ಅದು ಕಡಿಮೆ. ಹಾಗಾಗಿ ಅಗ್ಗದ ಪಿಯಾನೋ ಬೇಗ ಸಿಕ್ಕಿಬೀಳುತ್ತದೆ. ಹಾರ್ಮೋನಿಯಂ ಹಾಗಲ್ಲ. ಅದರ ಕೀಲಿಯನ್ನು ಗುದ್ದಿದರೂ ಮೆಲ್ಲಗೆ ಒತ್ತಿದರೂ ಧ್ವನಿ ಒಂದೇ. ಜೋರು ಬರುವುದು ತಿದಿಯಿಂದ. ಆದ್ದರಿಂದ ಟೈಪ್ ಮಾಡುವ ಕೀಲಿಗಳೇ ನನಗೆ ಸಾಕಾದವು.

ದಾದಾ ಕೇಳಿ, “ಇಸ್ಮೆ ಹವಾ ನೈಂ” ಅಂದರು. ಇದರಲ್ಲಿ ಗಾಳಿಯೇ ಇಲ್ಲ ಎಂದು. ನಿಜ, ತಿದಿ ಎಲ್ಲಿದೆ? ತಂತ್ರಾಂಶದಲ್ಲಿ ‘ಆಟೋಮೇಷನ್’ ಎಂಬ ಸೌಲಭ್ಯವಿದೆ. ಧ್ವನಿಮಟ್ಟ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂದು ಗೆರೆ ಎಳೆಯಬಹುದು. ಪ್ರತಿ ಸಾಲಿಗೂ ಗೆರೆ ಎಳೆದೆ. ಒಂದು ವಾರ ಹಿಡಿಯಿತು.

ಇಂಥ ಬದಲಿ ನಮ್ಮ ಊರಿಗೆ ಹೊಸದಲ್ಲ. ಇಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ ಕಟ್ಟಿದ ಬೆಂಗಳೂರಿನ ರೇಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ ದಶಕಗಳಿಂದ ಗಾಯಕರ ಪಕ್ಕದಲ್ಲಿದೆ. ತಂಬೂರಿ ಹಿಡಿಯುವವರು ಸಿಗದಿದ್ದರೂ ಅಭ್ಯಾಸ ನಿಲ್ಲುವುದಿಲ್ಲ. ಹಾಡಬೇಕಾದವರು ಮಾತ್ರ ನಾವೇ.

ವಾಣಿಜ್ಯದ ವಿದ್ಯಾರ್ಥಿಯಾಗಿ ಲೆಕ್ಕ ಒಪ್ಪಿಸುತ್ತೇನೆ. ತಂತ್ರಾಂಶಕ್ಕೆ 0, ಇಯರ್‌ಫೋನ್‌ಗೆ 450 ರೂಪಾಯಿ. ಸಮಯ ಮೂರು ವಾರ, ಅದೂ ವೆಚ್ಚವೇ. ಗೆಳೆಯನೊಬ್ಬ ದುಬಾರಿ ತಂತ್ರಾಂಶದ ಕ್ರ್ಯಾಕ್ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ತಂದಿದ್ದ. ಬೇಡ ಅಂದೆ. ವೈರಸ್ ಭಯ ಒಂದು ಕಡೆ. ಇನ್ನೊಬ್ಬರ ದುಡಿಮೆ ಕದ್ದು ಹಾಡು ಕಟ್ಟುವುದು ಸರಿಯೆನಿಸಲಿಲ್ಲ. ಉಚಿತವಾದದ್ದರಲ್ಲಿ ಮೊದಲು ಒಂದು ಹಾಡು ಮುಗಿಸಿ. ಅದರಲ್ಲಿ ಏನು ಕೊರತೆ ಎಂದು ನಿಮ್ಮ ಕಿವಿಗೇ ತಿಳಿದ ಮೇಲೆ, ಆ ಕೊರತೆಗೆ ಮಾತ್ರ ದುಡ್ಡು ಹಾಕಿ.

ಗೆರೆ ಎಳೆದ ಮೇಲೆ ದಾದಾಗೆ ಮತ್ತೆ ಕೇಳಿಸಿದೆ. ಈ ಸಲವೂ ಅವರು ಹೊಗಳಲಿಲ್ಲ. ಆದರೆ ಅವರ ಎಡಗೈ ಹಾಸಿಗೆಯ ಮೇಲೆ ತಿದಿ ಒತ್ತುವಂತೆ ಆಡುತ್ತಿತ್ತು.