ನೀತಿಯ ಫಲಕವೂ ಸಂತೆಯ ತಕ್ಕಡಿಯೂ

ಯೆಹೂದ್ಯರ ಮತ್ತು ಕ್ರೈಸ್ತರ ಧರ್ಮಗ್ರಂಥಗಳು ವಿಧಿಸಿರುವ ನೀತಿಯೇ ಸಾರ್ವಜನಿಕ ಜೀವನಕ್ಕೆ ಅಳತೆಗೋಲಾಗಬೇಕೆಂಬ ವಾದವು ಅಮೆರಿಕಾ ದೇಶದಲ್ಲಿ ಪುನಃ ಪ್ರಬಲವಾಗಿರುವುದನ್ನು ನಮ್ಮ ವಾಚಕ ಮಹಾಶಯರು ಬಲ್ಲರು. ಅಲ್ಲಿಯ ಲೂಯಿಸಿಯಾನಾ ಸಂಸ್ಥಾನವು ಮೋಶೆಯ ದಶಾಜ್ಞೆಗಳನ್ನು ಸರ್ಕಾರೀ ಶಾಲೆಗಳ ಪ್ರತಿಯೊಂದು ಕೊಠಡಿಯಲ್ಲಿಯೂ ತೂಗುಹಾಕತಕ್ಕದ್ದೆಂದು 2024ರಲ್ಲಿ ಶಾಸನ ಮಾಡಿತು. ಇಂತಹುದೇ ಆದ ಕೆಂಟಕಿ ಸಂಸ್ಥಾನದ ಶಾಸನವನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1980ರಲ್ಲಿಯೇ ತಳ್ಳಿಹಾಕಿತ್ತು. ಆ ವ್ಯಾಜ್ಯ ಅವರದು. ಆದರೆ ಜನರ ನಡತೆಯ ಮಟ್ಟವನ್ನು ಯಾರು, ಯಾರ ಮೇಲೆ, ಯಾವ ಉಪಾಯದಿಂದ ಸ್ಥಾಪಿಸಬೇಕೆಂಬ ಪ್ರಶ್ನೆಯು ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆ ಹೋಬಳಿಗೂ ತಪ್ಪಿದ್ದಲ್ಲ.

ಪರಮತದ ಬೋಧನೆಯೆಂದ ಮಾತ್ರಕ್ಕೆ ಅದನ್ನು ತಿರಸ್ಕರಿಸುವ ದೇಶಾಭಿಮಾನವು ನಮಗೆ ಒಪ್ಪಿಗೆಯಿಲ್ಲ. ಕಳವು, ಕೊಲೆ, ಹುಸಿಗಳು ಸಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಸಾರಿದರು. ಅದನ್ನು ಕಲಿಯಲು ಅವರೇನೂ ಸೀನಾಯಿ ಬೆಟ್ಟವನ್ನು ಹತ್ತಬೇಕಾಗಿರಲಿಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲಿ ದಶಾಜ್ಞೆಗಳಷ್ಟು ಪ್ರಸಿದ್ಧವಲ್ಲದ ಬೇರೆ ವಿಧಿಗಳೂ ಉಂಟು. ತೂಕದ ಕಲ್ಲು ಮತ್ತು ಅಳತೆಯ ಪಾತ್ರೆ ನ್ಯಾಯವಾಗಿರಬೇಕು. ನೆರೆಯವನ ಎಲ್ಲೆಕಲ್ಲನ್ನು ಸರಿಸಬಾರದು. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕು. ಪೈರು ಕೊಯ್ಯುವಾಗ ಹೊಲದ ಅಂಚನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಫಲಕ ತೂಗುಹಾಕುವವರು ಇವುಗಳನ್ನು ಕುರಿತು ಮಾತನಾಡುವುದು ಅಪರೂಪ. ಹೆಸರಿನಲ್ಲಿಯೇ ಸಂತೆಯನ್ನು ಹೊತ್ತಿರುವ ಊರಿಗಾದರೋ ಮೊದಲು ಬೇಕಾದುವು ಇವೇ.

ಶಾಸನದಿಂದ ನೀತಿಯನ್ನು ನಡೆಸಿದ ಅನುಭವವು ನಮ್ಮ ಮೈಸೂರು ಸಂಸ್ಥಾನಕ್ಕೆ ಹೊಸದಲ್ಲ. ಒಂದು ಕಡೆ ಮಿಷನರಿಗಳ ಖಂಡನೆ, ಇನ್ನೊಂದು ಕಡೆ ನಮ್ಮವರೇ ಆದ ಸುಧಾರಕರ ಒತ್ತಾಯ, ಇವೆರಡೂ ಕೇಳಿಬರುತ್ತಿದ್ದ ಕಾಲದಲ್ಲಿ, 1894ರಲ್ಲಿ, ಶಿಶುವಿವಾಹ ನಿಷೇಧದ ರೆಗ್ಯುಲೇಷನ್ ಜಾರಿಗೆ ಬಂದಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯೂ, ಐವತ್ತು ದಾಟಿದ ಪುರುಷನು ಹದಿನಾಲ್ಕರೊಳಗಿನ ಬಾಲೆಯನ್ನು ವರಿಸುವುದೂ ಅಪರಾಧವಾದುವು. ಇಂದಿನ ದೃಷ್ಟಿಗೆ ಎಷ್ಟು ಅಲ್ಪವಾಗಿ ತೋರಿದರೂ ಅದು ದುರ್ಬಲಳ ಪಕ್ಷವನ್ನು ಹಿಡಿದ ಕಾಯಿದೆಯೆಂಬುದು ನಿರ್ವಿವಾದ.

1909ರ ಆಜ್ಞೆಯ ವಿಷಯದಲ್ಲಿ ನಾವು ಹಾಗೆ ಹೇಳಲಾರೆವು. ಆ ವರ್ಷ ಸರ್ಕಾರದವರು ಮುಜರಾಯಿ ದೇವಾಲಯಗಳ ಸೇವೆಯಿಂದ ದೇವದಾಸಿಯರನ್ನು ತೆಗೆದುಹಾಕಿದರು. ಪದ್ಧತಿಯು ಕೊನೆಗಾಣಬೇಕಾಗಿದ್ದಿತೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಅನಾಚಾರದಲ್ಲಿ ಭಾಗಿಗಳಾಗಿದ್ದ ಗೌರವಸ್ಥರಲ್ಲಿ ಒಬ್ಬನಾದರೂ ಈ ಆಜ್ಞೆಯಿಂದ ತನ್ನ ಇನಾಮನ್ನಾಗಲಿ ಮರ್ಯಾದೆಯನ್ನಾಗಲಿ ಕಳೆದುಕೊಂಡನೆ? ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ದೇವದಾಸಿಯರು ಸಲ್ಲಿಸಿದ ಮನವಿಯು ಫಲಿಸಲಿಲ್ಲ. ನೀತಿಯ ವೆಚ್ಚವನ್ನೆಲ್ಲ ಹೆಂಗಸರೇ ತೆತ್ತರು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ವಾಡಿಕೆಯು ಅಷ್ಟಕ್ಕೇ ನಿಲ್ಲದೆ, 1982ರಲ್ಲಿ ಕರ್ನಾಟಕವು ಪ್ರತ್ಯೇಕ ಶಾಸನವನ್ನೇ ಮಾಡಬೇಕಾಯಿತು.

ಇದೇ ಸೀಮೆಯಲ್ಲಿ ಇನ್ನೊಂದು ರೀತಿಯ ನಿದರ್ಶನವೂ ಉಂಟು. ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದ ತರುವಾಯ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಆಬೆ ದ್ಯುಬುವಾ ಅವರು ನಮ್ಮವರ ಉಡುಗೆಯನ್ನೇ ಉಟ್ಟು, ನಮ್ಮವರಂತೆಯೇ ಬಾಳಿ, ಜನರಿಂದ ದೊಡ್ಡಸ್ವಾಮಿಯವರೆನಿಸಿಕೊಂಡರು. ನಮ್ಮ ಆಚಾರಗಳನ್ನು ಕುರಿತು ಅವರು ಬರೆದುದರಲ್ಲಿ ನಮಗೆ ಒಪ್ಪಿಗೆಯಾಗದ ಭಾಗ ಬಹಳವಿದೆ. ಆದರೆ ಸಿಡುಬಿಗೆ ದೇವಿ ಹಾಕಿಸಿ ಸಾವಿರಾರು ಜನರನ್ನು ಕಾಪಾಡಿದವರೂ, ಹಾಸನದ ಸೀಮೆಯ ಶೆಟ್ಟಿಹಳ್ಳಿಯಲ್ಲಿ ದಿಕ್ಕಿಲ್ಲದವರನ್ನು ಬೇಸಾಯಕ್ಕೆ ಹಚ್ಚಿದವರೂ ಅವರೇ. ಹಿಂದೂಗಳನ್ನು ಮತಾಂತರಗೊಳಿಸುವ ಆಶೆಯೇ ಇಲ್ಲವೆಂದು 1823ರಲ್ಲಿ ಗ್ರಂಥಮುಖೇನ ಒಪ್ಪಿಕೊಂಡವರೂ ಅವರೇ! ಉಪದೇಶ ಸೋತಿತೆಂದು ಅವರು ಬರೆದರು. ಸೂಜಿಯೂ ನೇಗಿಲೂ ಸೋಲಲಿಲ್ಲ.

ಅಂತರಸಂತೆಯ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರೂ ಬೆಟ್ಟಕುರುಬರೂ ಇದ್ದಾರೆ. ಕಾಡಿನಿಂದ ಹೊರಬಿದ್ದವರೂ, 1974ರಲ್ಲಿ ಪೂರ್ಣವಾದ ಕಬಿನಿ ಜಲಾಶಯಕ್ಕೆ ನೆಲ ಬಿಟ್ಟವರೂ ಈ ತಾಲ್ಲೂಕಿನಲ್ಲಿಯೇ ಇದ್ದಾರೆ. ಹಾಡಿಯವರು ಕುಡಿಯುತ್ತಾರೆ, ಮಕ್ಕಳನ್ನು ಶಾಲೆಗೆ ಕಳುಹಿಸುವುದಿಲ್ಲ ಎಂದು ನೀತಿ ಹೇಳುವವರಿಗೆ ಕೊರತೆಯಿಲ್ಲ. ಸಾರಾಯಿಯನ್ನು ಸರ್ಕಾರವು 2007ರಲ್ಲಿ ನಿಷೇಧಿಸಿತು. ಬಾಟಲಿಯ ಮದ್ಯದಿಂದ ಬರುವ ವರಮಾನವನ್ನು ಮಾತ್ರ ಬಿಟ್ಟಿಲ್ಲ. ಕುಡಿತವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಕೊಡಗಿನ ಕಾಫಿ ತೋಟಕ್ಕೂ ಶುಂಠಿಯ ಹೊಲಕ್ಕೂ ಹೋದ ಕೂಲಿಯವನಿಗೆ ಸಂಜೆ ಕೈಗೆ ಬಂದ ಹಣವೆಷ್ಟು, ಮುಂಗಡದ ಲೆಕ್ಕದಲ್ಲಿ ಮುರಿದುಕೊಂಡದ್ದೆಷ್ಟು ಎಂಬುದನ್ನು ಕೇಳಿದ ಬಳಿಕವೇ ಅವನ ಕುಡಿತದ ವಿಚಾರವನ್ನು ಎತ್ತುವುದು ಯುಕ್ತ. ಅರಣ್ಯಹಕ್ಕಿನ ಕಾಯಿದೆಯು 2006ರಲ್ಲಿಯೇ ಆಗಿದ್ದರೂ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವವರು ಇನ್ನೂ ಇದ್ದಾರೆ. ಎಲ್ಲೆಕಲ್ಲಿನ ವಿಧಿಯು ಅನ್ವಯಿಸುವುದು ಇಲ್ಲಿಯೇ.

ನಾಡಕಚೇರಿಯ ಗೋಡೆಯ ಮೇಲೆ ಏನನ್ನಾದರೂ ತೂಗುಹಾಕಲೇಬೇಕೆಂದಿದ್ದರೆ, ಯಾವ ಹಾಡಿಯ ಅರ್ಜಿ ಯಾವ ದಿನ ಬಂದಿತು, ಈಗ ಯಾರ ಮೇಜಿನ ಮೇಲಿದೆ, ತಿರಸ್ಕರಿಸಿದ್ದರೆ ಕಾರಣವೇನು ಎಂಬುದರ ಪಟ್ಟಿಯನ್ನು ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಬರೆಯಿಸಿ ಹಾಕಬೇಕೆಂದು ಅಧಿಕಾರಿ ಮಹನೀಯರಲ್ಲಿ ನಮ್ಮ ಪ್ರಾರ್ಥನೆ. ಅದರ ಮಗ್ಗುಲಲ್ಲಿ ಒಂದು ಪರೀಕ್ಷಿತ ತಕ್ಕಡಿಯನ್ನೂ ಇರಿಸಿದರೆ, ಸಂತೆಗೆ ಜೇನು ಮಾರಲು ಬಂದವರು ತಮ್ಮ ಸರಕನ್ನು ತಾವೇ ತೂಗಿ ನೋಡಿಕೊಂಡು ಹೋಗಬಹುದು.